ಯಾವ ದೇಶಕ್ಕೆ ಹೋಗ್ತೀಯೋ?

ಬನಶಂಕರಿಯ ಮನೆ. ಮಗನ ಎಕ್ಸೆಲ್ ಹಾಳೆ ತುಂಬ ದೇಶಗಳು. ಅರ್ಜಿ ಹಾಕಿದ್ದು ಮಾತ್ರ ಯಾವುದಕ್ಕೂ ಇಲ್ಲ.

"ಕೆನಡಾ ಆಗಲ್ವೇನೋ?"

"ಮೂವತ್ತು ತುಂಬಿದ್ರೆ ಅಂಕ ಕಳೀತಾ ಬರ್ತಾರಪ್ಪ. 45ಕ್ಕೆ ವಯಸ್ಸಿನ ಅಂಕ ಸೊನ್ನೆ."

"ಇಲ್ಲಿ ಹೆಣ್ಣು ಕೊಡೋರೂ ಅದನ್ನೇ ಮಾಡ್ತಿರೋದು. ಅಮೆರಿಕ?"

"ಗ್ರೀನ್ ಕಾರ್ಡಿಗೆ ದೇಶಕ್ಕೆ ಶೇ. 7ರ ಮಿತಿ. ನಮಗೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಎಲ್ಲಿ ಹುಟ್ಟಿದ್ದು ಅಂತ ನೋಡ್ತಾರೆ."

"ಅಯ್ಯೋ, ನಿಮ್ಮಮ್ಮನ್ನ ಹೆರಿಗೆಗೆ ಅರಸೀಕೆರೆಗೆ ಕಳಿಸಿಬಿಟ್ನಲ್ಲೋ!"

"ಜರ್ಮನಿ ಪರವಾಗಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತೆ, ಅಷ್ಟೆ. ಭಾಷೆ ಕಲೀಬೇಕು."

"ಕಲಿ, ಯಾರು ಬೇಡ ಅಂದ್ರು?"

"ಕಲಿಸೋ ಮ್ಯಾಕ್ಸ್ ಮುಲ್ಲರ್ ಭವನ ಇಂದಿರಾನಗರದಲ್ಲಿದೆ."

"ಅದಕ್ಕೇನೀಗ?"

"ಸಂಜೆ ಆರರ ಟ್ರಾಫಿಕ್ಕಲ್ಲಿ ಅಷ್ಟು ದೂರ ಯಾರಪ್ಪ ಹೋಗ್ತಾರೆ!"