ಅಲಂಕಾರದ ಉದ್ಯೋಗಪರ್ವ

ಅಲಂಕಾರವೆಂದರೇನು ಎಂಬ ಪ್ರಶ್ನೆಯನ್ನು ಭಾರತೀಯ ಕಾವ್ಯಮೀಮಾಂಸಕರು ಎಷ್ಟು ಶತಮಾನಗಳ ಕಾಲ ಚರ್ಚಿಸಿದರೆಂದರೆ, ಕೊನೆಗೆ ಅವರ ಶಾಸ್ತ್ರಕ್ಕೇ ಅಲಂಕಾರಶಾಸ್ತ್ರವೆಂಬ ಹೆಸರು ನಿಂತುಬಿಟ್ಟಿತು. ಕನ್ನಡದಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ಗ್ರಂಥವಾದ, ಕ್ರಿ.ಶ. ಸುಮಾರು 850ರ ‘ಕವಿರಾಜಮಾರ್ಗ’ವು ತನ್ನ ಮೂರು ಪರಿಚ್ಛೇದಗಳಲ್ಲಿ ಎರಡನ್ನು ಶಬ್ದಾಲಂಕಾರ ಮತ್ತು ಅರ್ಥಾಲಂಕಾರಗಳ ವಿವೇಚನೆಗೇ ಮೀಸಲಿಟ್ಟಿರುವುದರಿಂದ, ಕನ್ನಡ ಸಾಹಿತ್ಯವು ಕಣ್ಣು ಬಿಟ್ಟದ್ದೇ ಒಡವೆಪೆಟ್ಟಿಗೆಯ ಮುಂದೆ ಎಂದರೆ ತಪ್ಪಾಗದು. 11ನೇ ಶತಮಾನದ ಕಾಶ್ಮೀರದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ, ಕಾವ್ಯದ ಅಲಂಕಾರಗಳು ಮೈಮೇಲಿನ ಹಾರ ಮೊದಲಾದ ಒಡವೆಗಳಿದ್ದಂತೆ, ಇದ್ದರೆ ಸೊಬಗನ್ನು ಹೆಚ್ಚಿಸುತ್ತವೆ, ಎಲ್ಲೋ ಕೆಲವೆಡೆ ಇಲ್ಲದಿದ್ದರೂ ಕಾವ್ಯಕ್ಕೆ ಕುಂದಿಲ್ಲ ಎಂದು ತೀರ್ಮಾನಿಸಿದನು. ತೆಗೆದಿಟ್ಟರೂ ನಡೆಯುತ್ತದೆ ಎಂಬ ಈ ಸಿದ್ಧಾಂತವು ಕಾವ್ಯದ ಮಟ್ಟಿಗೆ ಸರಿಯಿದ್ದೀತು. ಆದರೆ ಅದನ್ನು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನೊಳಗೊಂಡ ಪಶ್ಚಿಮ ಬೆಂಗಳೂರಿಗೆ ಅನ್ವಯಿಸಹೊರಟವರು ಮೊದಲ ತಿರುವಿನಲ್ಲೇ ಮುಗ್ಗರಿಸುತ್ತಾರೆ. ಏಕೆಂದರೆ ಈ ಪ್ರದೇಶದಲ್ಲಿ ಅಲಂಕಾರವೆನಿಸಿಕೊಂಡದ್ದೆಲ್ಲ ಯಾವುದಾದರೊಂದು ಕೆಲಸಕ್ಕೆ ಸೇರಿಕೊಂಡಿದ್ದು, ಕೆಲಸಕ್ಕೆಂದು ಕೊಂಡು ತಂದದ್ದು ಮಾತ್ರ ಅಲಂಕಾರವಾಗಿ ಕುಳಿತಿರುತ್ತದೆ.

ಮೊದಲು ಮೈಮೇಲಿನ ಒಡವೆಗಳನ್ನೇ ಪರಿಶೀಲಿಸಬಹುದು. ಬೈತಲೆಬೊಟ್ಟು, ಜಡೆಬಿಲ್ಲೆ, ಬುಗುಡಿ, ಬೆಂಡೋಲೆ, ಮಾಟಿ, ಅಡ್ಡಿಕೆ, ಅವಲಕ್ಕಿ ಸರ, ಕಾಸಿನ ಸರ, ವಂಕಿ, ಡಾಬು, ಕಾಲುಂಗುರ ಎಂದು ನೆತ್ತಿಯಿಂದ ಪಾದದವರೆಗೆ ಹಬ್ಬುವ ಪಟ್ಟಿಯಲ್ಲಿ ಹೆಚ್ಚಿನವು ಇಂದು ಮದುವೆಯ ಆಲ್ಬಮ್ಮಿನಲ್ಲಿಯೂ ಬ್ಯಾಂಕಿನ ಲಾಕರಿನಲ್ಲಿಯೂ ವಾಸವಾಗಿದ್ದು, ದಿನನಿತ್ಯದ ಸೇವೆಯಲ್ಲಿ ಉಳಿದಿರುವುದು ಓಲೆ, ಬಳೆ, ಮಾಂಗಲ್ಯದ ಸರ ಇಷ್ಟೇ. ಈ ಮಾಂಗಲ್ಯದ ಸರವನ್ನು ಹತ್ತಿರದಿಂದ ನೋಡಿದರೆ ತಾಳಿ, ಗುಂಡು, ಹವಳ, ಕರಿಮಣಿಗಳ ಸಾಲಿನ ಕೊನೆಗೆ ಮೂರೋ ನಾಲ್ಕೋ ಪಿನ್ನುಗಳು ತೂಗುತ್ತಿರುತ್ತವೆ. ಅವುಗಳಲ್ಲಿ ಒಂದು ತುಸು ತುಕ್ಕು ಹಿಡಿದಿರುತ್ತದೆ, ಒಂದು ಸೊಟ್ಟಗಾಗಿರುತ್ತದೆ, ಇನ್ನೊಂದರ ಬಾಯಿ ಯಾವಾಗ ತೆರೆದುಕೊಂಡೀತೆಂದು ಹೇಳಲಾಗದು. ಅಮೆರಿಕದ ವಾಲ್ಟರ್ ಹಂಟ್ ಎಂಬಾತ 1849ರಲ್ಲಿ ಪೇಟೆಂಟ್ ಪಡೆದ ಈ ತಂತಿಯ ತುಂಡನ್ನು ಯಾವ ಅಲಂಕಾರಶಾಸ್ತ್ರವೂ ಆಭರಣವೆಂದು ಒಪ್ಪಿಲ್ಲ. ಆದರೂ ಸೆರಗು ಜಾರಿದಾಗ, ಚಪ್ಪಲಿಯ ಉಂಗುಷ್ಠ ಕಿತ್ತಾಗ, ಮಗುವಿನ ಶಾಲೆಯ ಬ್ಯಾಗಿನ ಜಿಪ್ಪು ಕೈಕೊಟ್ಟಾಗ ಕೈ ಮೊದಲು ಹೋಗುವುದು ಆ ಸರದತ್ತಲೇ ಆದ್ದರಿಂದ, ಬೆಲೆ ಬಾಳುವ ಚಿನ್ನವು ಪಿನ್ನಿಗೆ ಗೂಟವಾಗಿ ದುಡಿಯುತ್ತಿದೆ ಎನ್ನದೆ ಬೇರೆ ದಾರಿಯಿಲ್ಲ.

ಅಲಂಕಾರಶಾಸ್ತ್ರದ ಲಕ್ಷಣಗಳು ಇಲ್ಲಿನ ಬೀದಿಗಳಲ್ಲಿ ಎಷ್ಟು ಜೀವಂತವಾಗಿವೆ ಎಂಬುದಕ್ಕೆ ‘ಒನ್ ಗ್ರಾಂ ಗೋಲ್ಡ್’ ಎಂಬ ಒಡವೆಯೊಂದೇ ಸಾಕ್ಷಿ. ತಾಮ್ರವೋ ಹಿತ್ತಾಳೆಯೋ ಆದ ಸರಕ್ಕೆ ತೆಳುವಾಗಿ ಚಿನ್ನದ ಲೇಪ ಕೊಟ್ಟರೆ ಅದು ಸಿದ್ಧವಾಗುತ್ತದೆ. ವಿಜಯನಗರದ ಕಲ್ಯಾಣಮಂಟಪದಲ್ಲಿ ಅದನ್ನು ತೊಟ್ಟವರ ಕೊರಳನ್ನು ಊಟದ ಪಂಕ್ತಿಯ ಎದುರು ಸಾಲಿನಿಂದ ದಿಟ್ಟಿಸುತ್ತ, ಇದು ಅದೋ ಅಲ್ಲ ಇದೋ ಎಂದು ನಿಶ್ಚಯಕ್ಕೆ ಬಾರದೆ ಬಂಧುಗಳು ತೊಳಲಾಡುವುದು ಸಂದೇಹಾಲಂಕಾರ. ಹೋಲಿಕೆಯ ಕಾರಣದಿಂದ ಒಂದನ್ನು ಇನ್ನೊಂದೆಂದೇ ತಿಳಿದುಬಿಡುವುದು ಭ್ರಾಂತಿಮದಲಂಕಾರವಾದ್ದರಿಂದ, ಬೈಕಿನಲ್ಲಿ ಬಂದು ಅದನ್ನು ಕಿತ್ತುಕೊಂಡು ಪರಾರಿಯಾಗುವ ಸರಗಳ್ಳನು ಆ ಅಲಂಕಾರಕ್ಕೆ ಅಪ್ಪಟ ಉದಾಹರಣೆಯಾಗುತ್ತಾನೆ. ನಿಜವನ್ನು ಮರೆಮಾಚಿ ಇನ್ನೊಂದನ್ನು ಸ್ಥಾಪಿಸುವುದು ಅಪಹ್ನುತಿ ಎನಿಸಿಕೊಳ್ಳುತ್ತದೆ. ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಬರುವಾಗ ಪಕ್ಕದವರು ಕಣ್ಣರಳಿಸಿ ‘ಎಷ್ಟು ಗ್ರಾಮಿನದ್ರೀ?’ ಎಂದು ಕೇಳಿದರೆ, ಅಸಲಿ ನಲವತ್ತು ಗ್ರಾಮಿನ ಸರವನ್ನೇ ತೊಟ್ಟವರು ‘ಅಯ್ಯೋ, ಇದು ಒನ್ ಗ್ರಾಂದು ಕಣ್ರೀ’ ಎಂದು ಸೆರಗು ಸರಿಪಡಿಸಿಕೊಳ್ಳುವಲ್ಲಿ ಅದರ ಪರಾಕಾಷ್ಠೆಯನ್ನು ಕಾಣಬಹುದು. ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳು ಬಾಯಿಪಾಠ ಮಾಡಿಯೂ ಮರೆಯುವ ಲಕ್ಷಣಗಳನ್ನು ಅವರ ಮನೆಯ ಹಿರಿಯರು ಪಾಠವಿಲ್ಲದೆಯೇ ಪ್ರಯೋಗಿಸುತ್ತಿರುತ್ತಾರೆ.

ಒಡವೆಗೆ ಉದ್ಯೋಗ ಕೊಡಿಸುವುದರಲ್ಲಿ ಸರ್ಕಾರದ ಪಾಲೂ ಸಣ್ಣದಲ್ಲ. 1963ರ ಜನವರಿಯಲ್ಲಿ ಜಾರಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳು, ಹೊಸ ಆಭರಣದ ಚಿನ್ನವು 14 ಕ್ಯಾರೆಟ್ಟಿಗಿಂತ ಶುದ್ಧವಾಗಿರಕೂಡದೆಂದು ವಿಧಿಸಿ ಅಕ್ಕಸಾಲಿಗರ ಅನ್ನಕ್ಕೆ ಕಲ್ಲು ಹಾಕಿದವು. ಅನಂತರ ಬಂದ 1968ರ ಚಿನ್ನ ನಿಯಂತ್ರಣ ಕಾಯ್ದೆಯು ಗಟ್ಟಿ ಚಿನ್ನವನ್ನು ಜನಸಾಮಾನ್ಯರು ಇಟ್ಟುಕೊಳ್ಳುವುದನ್ನು ನಿಷೇಧಿಸಿ ಒಡವೆಗೆ ಮಾತ್ರ ಅವಕಾಶ ಉಳಿಸಿದ್ದರಿಂದ, 1990ರಲ್ಲಿ ಅದು ರದ್ದಾಗುವವರೆಗೂ ಉಳಿತಾಯವೆಂಬುದು ಬಳೆಯ ವೇಷ ಹಾಕಿಕೊಂಡೇ ಓಡಾಡಬೇಕಾಯಿತು. ಮನೆಗಳ ಮೇಲೆ ಆದಾಯ ತೆರಿಗೆಯವರು ಶೋಧ ನಡೆಸುವಾಗ ವಿವಾಹಿತೆಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಗಂಡಸಿನ 100 ಗ್ರಾಂವರೆಗಿನ ಚಿನ್ನದ ಒಡವೆಗಳನ್ನು ವಶಪಡಿಸಿಕೊಳ್ಳಬೇಕಿಲ್ಲವೆಂದು ಕೇಂದ್ರ ನೇರ ತೆರಿಗೆ ಮಂಡಳಿಯು 1994ರ ಮೇ 11ರಂದು ಸೂಚನೆ ಹೊರಡಿಸಿತು. ಶೃಂಗಾರವನ್ನು ಭಾವದಿಂದ ಅಳೆದ ಭರತಮುನಿಗೆ ಸಿಗದ ಖಚಿತತೆ ಇಲ್ಲಿ ಸಿಕ್ಕಿದೆ: ತಾಳಿ ಕಟ್ಟಿದೊಡನೆ ಹೆಣ್ಣಿನ ಅಲಂಕಾರಯೋಗ್ಯತೆ ಸರಿಯಾಗಿ ಕಾಲು ಕಿಲೋ ಏರುತ್ತದೆ, ಗಂಡು ಮಾತ್ರ ಮದುವೆಗೆ ಮುಂಚೆ ಎಷ್ಟು ಗ್ರಾಮಿನವನೋ ಮದುವೆಯಾದ ಮೇಲೂ ಅಷ್ಟೇ ಗ್ರಾಮಿನವನು.

ಒಡವೆಯ ತತ್ತ್ವವಿಚಾರಕ್ಕೆ ಚಿನ್ನದ ಸಾಲ ಕೊಡುವ ಬ್ಯಾಂಕುಗಳ ಕೊಡುಗೆ ಇನ್ನೂ ಗಹನವಾದದ್ದು. ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ 1910ರಲ್ಲಿ ‘ಅಲಂಕಾರ ಮತ್ತು ಅಪರಾಧ’ ಎಂಬ ಉಪನ್ಯಾಸ ಕೊಟ್ಟು, ಅಲಂಕಾರವೆಂಬುದು ಶ್ರಮದ ಪೋಲು, ನಾಗರಿಕತೆ ಬೆಳೆದಂತೆ ಅದು ಉದುರಿಹೋಗಬೇಕು ಎಂದು ವಾದಿಸಿದ್ದನು. ಅವನ ಮಾತನ್ನು ಜಗತ್ತಿನ ವಾಸ್ತುಶಿಲ್ಪಿಗಳು ಅರೆಮನಸ್ಸಿನಿಂದ ಪಾಲಿಸಿರಬಹುದು, ಮಾಗಡಿ ರಸ್ತೆಯ ಇಕ್ಕೆಲಗಳಲ್ಲಿ ಅಡವಿನ ಸಾಲ ಕೊಡುವವರು ಮಾತ್ರ ಅಕ್ಷರಶಃ ಪಾಲಿಸುತ್ತಿದ್ದಾರೆ. ಒಡವೆ ಕೊಳ್ಳುವಾಗ ಕುಸುರಿಯ ಹೆಸರಿನಲ್ಲಿ ಮೇಕಿಂಗ್ ಚಾರ್ಜು, ಕತ್ತರಿಸುವಾಗ ಕರಗಿಸುವಾಗ ನಷ್ಟವಾಯಿತೆನ್ನುವ ಚಿನ್ನದ ಲೆಕ್ಕದಲ್ಲಿ ವೇಸ್ಟೇಜು, ಅದರ ಮೇಲೆ ನೂರಕ್ಕೆ 3ರಂತೆ ಜಿಎಸ್‌ಟಿ ತೆತ್ತು ತಂದ ನವಿಲಿನ ಪದಕವನ್ನು ಅಡವಿಡಲು ಹೋದರೆ, ಅಪ್ರೈಸರು ಅದನ್ನು ಒರೆಗಲ್ಲಿಗೆ ಉಜ್ಜಿ, ಕಲ್ಲಿನ ತೂಕ ಕಳೆದು, ಒಳಗೆ ತುಂಬಿದ ಅರಗಿನ ತೂಕ ಕಳೆದು, ಉಳಿದದ್ದಷ್ಟನ್ನೇ ಬರೆದುಕೊಳ್ಳುತ್ತಾನೆ. ನವಿಲಿನ ಗರಿಗೆ, ಕೊಕ್ಕಿಗೆ, ಕುತ್ತಿಗೆಯ ಬಾಗಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಅಂಗಡಿಯಲ್ಲಿ ಅಲಂಕಾರಕ್ಕೆ ಕೊಟ್ಟ ದುಡ್ಡೆಲ್ಲ ಬ್ಯಾಂಕಿನ ತಕ್ಕಡಿಯಲ್ಲಿ ಶೂನ್ಯವಾಗುವ ಈ ಕ್ಷಣದಲ್ಲಿ, ಮಗನ ಇಂಜಿನಿಯರಿಂಗ್ ಸೀಟಿನ ಶುಲ್ಕವಾಗಿ ಪರಿವರ್ತನೆಗೊಳ್ಳುವ ನವಿಲು ತನ್ನ ನಿಜವಾದ ಉದ್ಯೋಗಕ್ಕೆ ಹಾಜರಾಗುತ್ತದೆ.

ಅಡವಿಗೆ ಹೋಗದೆ ಉಳಿದ ಒಡವೆಗಳಿಗೆ ವರ್ಷಕ್ಕೊಮ್ಮೆ ಶ್ರಾವಣದ ವರಮಹಾಲಕ್ಷ್ಮಿ ಹಬ್ಬದಲ್ಲಿ ಬಿಡುಗಡೆ ದೊರೆಯುತ್ತದೆ. ಹಬ್ಬದ ಹಿಂದಿನ ದಿನ ಲಾಕರಿನ ಕೊಠಡಿಯ ಮುಂದೆ ಸರದಿ ಬೆಳೆದು, ಮನೆಗೆ ಬಂದ ಕಾಸಿನ ಸರವೂ ಡಾಬೂ ಬೆಳ್ಳಿಯ ಮುಖವಾಡ ತೊಟ್ಟ ಕಲಶವನ್ನೇರಿ, ಅರಿಶಿನ ಕುಂಕುಮಕ್ಕೆ ಬಂದ ನೆರೆಹೊರೆಯವರ ಕಣ್ಣಳತೆಗೆ ಸಿಕ್ಕಿ, ಸೋಮವಾರ ಮತ್ತೆ ಕತ್ತಲೆಗೆ ಮರಳುತ್ತವೆ. ಒಡತಿಗಿಂತ ದೇವಿಯೇ ಹೆಚ್ಚು ಸಲ ತೊಟ್ಟ ಒಡವೆಗಳು ಈ ಭಾಗದಲ್ಲಿ ವಿರಳವೇನಲ್ಲ. ಆಂಜನೇಯನ ಗುಡಿಗಳಲ್ಲಾದರೋ ಅಲಂಕಾರದ ಪ್ರಯೋಜನವು ಇನ್ನೂ ನೇರವಾದದ್ದು: ಬೆಣ್ಣೆಯ ಅಲಂಕಾರವನ್ನೂ ವಡೆಯ ಸರವನ್ನೂ ಕಣ್ತುಂಬ ನೋಡಿದ ಭಕ್ತರು ಪ್ರಸಾದದ ವೇಳೆಯಲ್ಲಿ ಅದೇ ಅಲಂಕಾರವನ್ನು ಉದರಸ್ಥ ಮಾಡಿಕೊಳ್ಳುತ್ತಾರೆ.

ಮನೆಯ ಅಲಂಕಾರಕ್ಕೆ ಬಂದರೆ, ಬಸವೇಶ್ವರನಗರದ ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟುವವರು ಒಳಗಿನ ಅಡುಗೆಮನೆಗಿಂತ ಹೆಚ್ಚು ಚಿಂತಿಸುವುದು ‘ಎಲಿವೇಷನ್’ ಎಂಬ ಮುಂಭಾಗದ ಸಿಂಗಾರವನ್ನು. ಗ್ರಾನೈಟು, ಗಾಜು, ಸಿಂಹದ ಮುಖದ ಗೇಟು, ಬಳ್ಳಿ ಸುರುಳಿ ಬಿಟ್ಟ ಕಿಟಕಿಯ ಗ್ರಿಲ್ಲು ಎಲ್ಲವೂ ಕೂಡಿ ಮನೆ ಕಣ್ಣಿಗೆ ಹಬ್ಬವಾದೊಡನೆ, ಕಣ್ಣು ಬಿದ್ದೀತೆಂಬ ಹೆದರಿಕೆಯಿಂದ ಅದೇ ಮುಂಭಾಗದ ನಟ್ಟನಡುವೆ ನಾಲಗೆ ಚಾಚಿ ಕೋರೆಹಲ್ಲು ಕಿರಿಯುವ ದೃಷ್ಟಿಬೊಂಬೆಯನ್ನು ನೇತುಹಾಕಲಾಗುತ್ತದೆ. ಬಾಗಿಲಿಗೆ ಬೂದುಗುಂಬಳಕಾಯಿ ಕಾವಲು ನಿಲ್ಲುತ್ತದೆ, ಬಳ್ಳಿಯ ಗ್ರಿಲ್ಲು ಕಳ್ಳರನ್ನು ತಡೆಯುತ್ತದೆ. ಚೆಲುವನ್ನು ಕಾಯಲು ವಿಕಾರವನ್ನು ನೇಮಿಸುವ ಈ ಪದ್ಧತಿಯು ಮಗುವಿನ ಕೆನ್ನೆಯ ದೃಷ್ಟಿಬೊಟ್ಟಿನಿಂದಲೇ ಆರಂಭವಾಗುವುದನ್ನು ಗಮನಿಸಿದರೆ, ಅಂದವನ್ನು ಕೆಡಿಸುವುದೂ ಅಲಂಕಾರದ ಒಂದು ಅಂಗವೇ ಎಂಬ ತತ್ತ್ವಕ್ಕೆ ಬರಬೇಕಾಗುತ್ತದೆ.

ಕೆಲಸಕ್ಕೆ ಸೇರಿಕೊಂಡ ಈ ಅಲಂಕಾರಗಳಿಗೆ ವಿರುದ್ಧವಾದ ವರ್ಗವೊಂದು ಉಳಿದಿದೆ. ‘ಇದೇನು ಅಲಂಕಾರಕ್ಕೆ ಇಟ್ಟಿರೋದಾ?’ ಎಂದು ಮನೆಗಳಲ್ಲಿ ಗದರುವಾಗ ಮಾತು ಒಡವೆಯ ಕುರಿತಾಗಿರುವುದಿಲ್ಲ. ಕೆಟ್ಟುನಿಂತ ಗೀಸರಿನದೋ, ಒದ್ದೆ ಟವೆಲು ಹೊತ್ತು ನಿಂತ ಟ್ರೆಡ್‌ಮಿಲ್ಲಿನದೋ ಆಗಿರುತ್ತದೆ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳಲ್ಲಿ ವರ್ಷವಿಡೀ ಎಣ್ಣೆ ಕಾರುತ್ತ ತಿರುಗುವ ಲೇತು ಯಂತ್ರವು ಆಯುಧಪೂಜೆಯಂದು ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಹಾರ ತೊಟ್ಟು ಸುಮ್ಮನೆ ನಿಂತಿರುತ್ತದೆ. ಕೆಲಸ ನಿಂತಾಗಲೇ ವಸ್ತುವಿಗೆ ಶೋಭೆ ಬರುತ್ತದೆ ಎಂಬ ಸೂತ್ರವು ಅಲ್ಲಿ ಒಂದು ದಿನದ ಮಟ್ಟಿಗಿದ್ದರೆ, ದ್ವಿಚಕ್ರ ವಾಹನದವರ ಹೆಲ್ಮೆಟ್ಟಿನ ವಿಷಯದಲ್ಲಿ ಅದು ನಿತ್ಯವಿಧಿಯಾಗಿದೆ.

ಮಮ್ಮಟನ ಶತಮಾನದವನೇ, ಅವನಂತೆಯೇ ಕಾಶ್ಮೀರದವನೇ ಆದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ಯಲ್ಲಿ, ಯಾವ ಒಡವೆ ಎಲ್ಲಿರಬೇಕೋ ಅಲ್ಲಿದ್ದರೆ ಮಾತ್ರ ಅಲಂಕಾರ, ಸೊಂಟದ ಡಾಬನ್ನು ಕೊರಳಿಗೂ ಕಾಲಿನ ಗೆಜ್ಜೆಯನ್ನು ಕೈಗೂ ಕಟ್ಟಿಕೊಂಡವರು ನಗೆಪಾಟಲಾಗುತ್ತಾರೆ ಎಂದು ನಿರೂಪಿಸಿದನು. ಸ್ಥಾನಕ್ಕೆ ತಕ್ಕ ಈ ಹೊಂದಿಕೆಗೆ ಔಚಿತ್ಯವೆಂದು ಹೆಸರು. 1988ರ ಮೋಟಾರು ವಾಹನ ಕಾಯ್ದೆಯ 129ನೇ ಪ್ರಕರಣವು ಹೆಲ್ಮೆಟ್ಟು ತಲೆಯ ಮೇಲೆ ಪಟ್ಟಿಯಿಂದ ಭದ್ರವಾಗಿ ಬಿಗಿದಿರಬೇಕೆಂದು ಹೇಳುವಾಗ ಮಾಡುತ್ತಿರುವುದೂ ಔಚಿತ್ಯದ ಪ್ರತಿಪಾದನೆಯೇ. ಹೀಗಿದ್ದರೂ ಕಾರ್ಡ್ ರಸ್ತೆಯಲ್ಲಿ ಸಾಗುವ ಎಷ್ಟೋ ಸವಾರರು ಅದನ್ನು ಮೊಣಕೈಗೆ ವಂಕಿಯಂತೆ ತೊಟ್ಟಿರುತ್ತಾರೆ. ಕೆಲವರ ಹೆಲ್ಮೆಟ್ಟು ಪೆಟ್ರೋಲ್ ಟ್ಯಾಂಕಿನ ಮೇಲೆ ಕಲಶದಂತೆ ಪ್ರತಿಷ್ಠಿತವಾಗಿರುತ್ತದೆ. ದೂರದ ಸಿಗ್ನಲ್ಲಿನಲ್ಲಿ ಬಿಳಿಯ ಅಂಗಿ ಗೋಚರಿಸಿದ್ದೇ ತಡ, ಒಡವೆಯು ಮೊಣಕೈಯಿಂದ ನೆತ್ತಿಗೇರಿ, ವೃತ್ತ ದಾಟಿದೊಡನೆ ಸ್ವಸ್ಥಾನಕ್ಕೆ ಇಳಿಯುತ್ತದೆ. ಸುಮಾರು ಸಾವಿರ ವರ್ಷಗಳಿಂದ ಪಂಡಿತರು ಬಾಯಿಮಾತಿನಲ್ಲಿ ಬೋಧಿಸುತ್ತ ಬಂದ ಔಚಿತ್ಯ ಸಿದ್ಧಾಂತವನ್ನು, ಒಂದು ವೃತ್ತದಿಂದ ಇನ್ನೊಂದು ವೃತ್ತದವರೆಗಾದರೂ ರಸೀದಿ ಸಹಿತ ಜಾರಿಗೆ ತಂದ ಕೀರ್ತಿಯು ಸಂಚಾರಿ ಪೊಲೀಸರಿಗೇ ಸಲ್ಲತಕ್ಕದ್ದು.