ನಮ್ಮ ಗುಡ್ಡದ ತುದಿ

ಚಿಕ್ಕಮಗಳೂರಿನವರು ಬೆಟ್ಟದ ಮಾತು ತೆಗೆದರೆ ಕಲಬುರಗಿಯ ನಾವು ತೊಗರಿಬೇಳೆಯ ಮಾತು ತೆಗೆದು ಪಾರಾಗುತ್ತಿದ್ದೆವು. ನಮ್ಮೂರಲ್ಲಿ ಏರಬಹುದಾದ ಎತ್ತರವೆಂದರೆ ಬಹಮನಿ ಕೋಟೆಯ ಬುರುಜು, ಅದು ಬಿಟ್ಟರೆ ರಸ್ತೆಯ ಹಂಪು. 2017ರಲ್ಲಿ ಬೀದರಿಗೆ ರೈಲು ಶುರುವಾಯಿತು. ಕಮಲಾಪುರದ ಕಡೆ ಮರಗುತ್ತಿ ಹತ್ತಿರ ಅದು ಸುರಂಗದೊಳಗೆ ಹಾಯುತ್ತದೆಂದು ತಿಳಿದಾಗ ನನಗೆ ಎದೆಯುಬ್ಬಿತು. ಸುರಂಗ ಇದೆ ಅಂದಮೇಲೆ ಗುಡ್ಡ ಇರಲೇಬೇಕು. ಬಯಲು ಕೊರೆಯುವಷ್ಟು ಪುರುಸೊತ್ತು ರೈಲ್ವೆಯವರಿಗಿಲ್ಲ.

ಶ್ರಾವಣದ ಒಂದು ಭಾನುವಾರ ಗೆಳೆಯನೂ ನಾನೂ ಟ್ರೆಕ್ಕಿಂಗಿಗೆ ಹೊರಟೆವು. ಹೊಸ ಬೂಟು, ಟೋಪಿ, ಕೋಲು, ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಮಹಾಗಾಂವ ದಾಟಿ ಕಮಲಾಪುರದಲ್ಲಿ ಬಸ್ಸಿಳಿದದ್ದೇ ಅಲ್ಲಿನ ಪ್ರಸಿದ್ಧ ಕೆಂಪು ಬಾಳೆಹಣ್ಣು ಕೊಂಡೆವು. ದಪ್ಪಗಿನ ಒಂದು ಹಣ್ಣು ಒಂದು ಊಟಕ್ಕೆ ಸಮ. ನಾನು ಎರಡು ತಿಂದೆ. ಏರು ಶುರುವಾದಾಗ ಎರಡನೆಯದು ಎದೆಯಲ್ಲೇ ಕೂತಿತ್ತು.

ಅರ್ಧ ದಾರಿಗೆ ಕಲ್ಲಿನ ಮೇಲೆ ಕೂತು ತೇಕುತ್ತಿದ್ದಾಗ ಆಡು ಕಾಯುವ ಮುದುಕ ಬಂದ. ಕಾಲಲ್ಲಿ ಹರಿದ ಚಪ್ಪಲಿ.

"ಆಡು ಕಳಕೊಂಡೀರೇನ್ರಿ ಸಾಹೇಬ್ರ?"

"ಇಲ್ಲ ಕಾಕಾ, ಗುಡ್ಡ ಹತ್ಲಾಕ ಬಂದೀವಿ."

"ಹತ್ತಿ?"

"ಹತ್ತಿ ಇಳೀತೀವಿ."

ಮುದುಕ ನಮ್ಮ ಬೂಟು ನೋಡಿದ, ಮುಖ ನೋಡಿದ. ಆಮೇಲೆ ಮರುಕದಿಂದ, "ಮ್ಯಾಲಿನ ತನಕ ಬಸ್ ಹೋಗ್ತದಲ್ರಿ," ಅಂದ. ನಮಗೆ ಉತ್ತರ ಹೊಳೆಯಲಿಲ್ಲ. ಕಾಲು ಕುಂಟುವ ಒಂದು ಮರಿಯನ್ನು ಎತ್ತಿ ನನ್ನ ಕೈಗಿಟ್ಟ. "ಸುಮ್ನೆ ಯಾಕ ಹೋಗ್ತೀರಿ, ಮ್ಯಾಲ ನಮ್ಮ ಹುಡುಗ ಅದಾನ. ಅವಂಗ ಕೊಟ್ಟುಬಿಡ್ರಿ."

ಮರಿಯ ಹೊಟ್ಟೆ ಬೆಚ್ಚಗಿತ್ತು. ದಾರಿಯುದ್ದಕ್ಕೂ ನನ್ನ ಅಂಗಿಯ ಗುಂಡಿಯನ್ನು ಪೆಪ್ಪರಮೆಂಟಿನಂತೆ ಚೀಪಿತು. ಗೆಳೆಯ ಭೂಗರ್ಭಶಾಸ್ತ್ರ ಓದಿದವನು. ಇದೆಲ್ಲ ಸುಮಾರು 6.6 ಕೋಟಿ ವರ್ಷದ ಹಿಂದೆ ಪದರಪದರವಾಗಿ ಹರಿದ ಲಾವಾ, ಡೆಕ್ಕನ್ ಟ್ರ್ಯಾಪ್ ಎಂಬ ಹೆಸರಿನ 'ಟ್ರ್ಯಾಪ್' ಸ್ವೀಡಿಶ್ ಭಾಷೆಯ ಮೆಟ್ಟಿಲು ಎಂದು ವಿವರಿಸುತ್ತ ಖಾಲಿ ಕೈಯಲ್ಲಿ ಮುಂದೆ ನಡೆದ. ಮೆಟ್ಟಿಲ ಮೇಲೆ ಶಿಖರ ಇರುವುದಿಲ್ಲವೆಂದು ಮಾತ್ರ ಹೇಳಲಿಲ್ಲ. ಬೆವರೊರೆಸುತ್ತ ತುದಿ ಮುಟ್ಟಿದರೆ ಎದುರಿಗೆ ಚಪ್ಪಟೆ ಬಯಲು! ಕೆಂಪು ಮಣ್ಣಿನ ಹೊಲ, ಬದುವಿನ ಮೇಲೆ ಯಾರದೋ ಸೈಕಲ್ಲು, ತೊಗರಿ. ಮತ್ತೆ ತೊಗರಿ.

ಬೇವಿನ ಗಿಡದಡಿಯಿಂದ ಹುಡುಗನೊಬ್ಬ ಎದ್ದು ಬಂದು ಮರಿ ಇಸಕೊಂಡ. ಅದರ ಕಾಲು ನೀವಿ ನೋಡಿದ. ನನ್ನ ಕಡೆ ತಿರುಗಿ ಕೇಳಿದ:

"ಯಾಕ್ರಿ, ಇಷ್ಟ್ ತಡ ಆಯ್ತು?"