ಇನ್ಸುಲಿನ್ ದುರ್ಬಳಕೆ ಕುರಿತು ಬಹಿರಂಗ ಪತ್ರ

ಶ್ರೀ ಕೋನಸ್ ಜಿಯೋಗ್ರಾಫಸ್ ಅವರಿಗೆ,
ಹವಳದ ದಿಬ್ಬದ ಸಂದಿ, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್.

ಮಾನ್ಯ ಬಸವನಹುಳುಗಳೇ,

ತಮ್ಮ ಮೇಲೆ ದೂರು ಹೇಳುವವರಿಗೇನೂ ಬರವಿಲ್ಲ. ಚಿಪ್ಪಿನ ಅಂದಕ್ಕೆ ಮರುಳಾಗಿ ಕೈಗೆತ್ತಿಕೊಂಡವರನ್ನು ಚುಚ್ಚಿ ಕೊಂದಿದ್ದೀರಂತೆ. ತಮ್ಮ ವಿಷಕ್ಕೆ ಪ್ರತಿವಿಷವೂ ಇಲ್ಲ. ಅದು ಇಳಿಯುವತನಕ ಉಸಿರು ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ವೈದ್ಯರ ಕೈಲಿರುವುದು. ಆದರೆ ಪರರ ಮನೆಯನ್ನು ಯಜಮಾನರ ಸಮೇತ ಜೇಬಿಗಿಳಿಸುವವರ ಪರ ವಕಾಲತ್ತು ವಹಿಸಲು ನಾನು ಸಿದ್ಧನಿಲ್ಲ. ನನ್ನ ತಕರಾರೇ ಬೇರೆ.

1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಯ ಮೇದೋಜೀರಕದಿಂದ ಇನ್ಸುಲಿನ್ ತೆಗೆದರು, ಎರಡೇ ವರ್ಷದಲ್ಲಿ ನೊಬೆಲ್ ಬಂತು, ನಾವು ಬೀಗಿದೆವು. ತಾವೋ ಅದನ್ನು ಸದ್ದಿಲ್ಲದೆ ನೀರಿಗೆ ಬಿಟ್ಟು ಮೀನು ಹಿಡಿಯುತ್ತಿದ್ದಿರಿ! 2015ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಬಯಲು ಮಾಡಿದರು. ಅದೂ ತಮ್ಮ ಮೈಗೆ ಬೇಕಾದ ಇನ್ಸುಲಿನ್ ಅಲ್ಲ, ಮೀನಿನದರ ನಕಲು. ಸಕ್ಕರೆ ಇಳಿದು ಮಂಕಾಗಿ ನಿಂತ ಮೀನುಗಳ ಮೇಲೆ ತಾವು ಬಾಯನ್ನು ಬಲೆಯಂತೆ ಅರಳಿಸಿ ಕವಿಯುತ್ತೀರಿ. ಒಳಗೆ ಸೇರಿದ ಮೇಲೆ ಟೊಳ್ಳು ಹಲ್ಲಿನಿಂದ ಚುಚ್ಚು. ಒಮ್ಮೆ ಬಳಸಿದ ಹಲ್ಲನ್ನು ಮತ್ತೆ ಬಳಸುವುದಿಲ್ಲ (ಒಂದೇ ಸೂಜಿಯನ್ನು ವಾರವಿಡೀ ಓಡಿಸುವ ನನ್ನಂಥವರು ಗಮನಿಸಬೇಕು). ಆಮೇಲೆ ಮುಳ್ಳು, ಹುರುಪೆ ಉಗುಳಿದರೆ ಊಟ ಮುಗಿಯಿತು.

ನನ್ನ ಹೊಟ್ಟೆಯುರಿ ಆ ವೇಗದ ಬಗ್ಗೆ. ನಮ್ಮ ಇನ್ಸುಲಿನ್ ಅಣುಗಳು ಆರಾರು ಅಂಟಿಕೊಂಡು ಗುಂಪುಗಟ್ಟುತ್ತವೆ. ಬಿಡಿಬಿಡಿಯಾದ ಮೇಲೆಯೇ ಕೆಲಸಕ್ಕೆ ಹಾಜರು. ಅಲ್ಲಿಯತನಕ ಹೊಟ್ಟೆಗೆ ಚುಚ್ಚಿಕೊಂಡವನು ತಟ್ಟೆಯ ಮುಂದೆ ಕೂತು, ಬಿಸಿಬೇಳೆಬಾತಿನ ಮೇಲೆ ತುಪ್ಪ ಹೆಪ್ಪುಗಟ್ಟುವುದನ್ನು ನೋಡಬೇಕು. ತಮ್ಮ ಇನ್ಸುಲಿನ್ನಿನಲ್ಲಿ ಹಾಗೆ ಅಂಟಿಸುವ ತುಂಡೇ ಇಲ್ಲ. ಕಾಲಿಲ್ಲದೆ ತೆವಳುವವರಿಗೆ ಇಷ್ಟು ಅವಸರವೇಕೆ, ಸ್ವಾಮಿ?

ಈ ಉಪಾಯ ಕದ್ದು ನಮ್ಮ ಇನ್ಸುಲಿನ್ನನ್ನೂ ಹಾಗೆಯೇ ಮೊಟಕುಮಾಡಿದ್ದಾರೆ, 2020ರಲ್ಲಿ ಪ್ರಕಟವಾಗಿದೆ. ಸದ್ಯ ಅದರ ಸುಖ ಪ್ರಯೋಗಶಾಲೆಯ ಇಲಿಗಳಿಗೆ. ತಮ್ಮ ದಾಯಾದಿ ಕೋನಸ್ ಮೇಗಸ್ ಅವರ ವಿಷವಂತೂ ಬೆನ್ನುಹುರಿಯ ದ್ರವಕ್ಕೆ ಕೊಡುವ ಜಿಕೊನೊಟೈಡ್ ಎಂಬ ನೋವಿನ ಮದ್ದಾಗಿ, 2004ರಲ್ಲೇ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅವರಿಗೆ ರಾಯಲ್ಟಿ ಬಂದ ಸುದ್ದಿಯಿಲ್ಲ. ತಮಗೂ ಆಸೆ ಬೇಡ. ನಮ್ಮಲ್ಲಿ ತಮ್ಮ ಚಿಪ್ಪಿಗೆ ಬೆಲೆಯುಂಟು, ಒಳಗಿರುವವರಿಗೆ ಖಾತೆಯಿಲ್ಲ.

ಇಂತಿ,
ಮುಂದೆಂದೋ ತಮ್ಮ ಸಾಲಗಾರನಾಗಲಿರುವ
ಒಬ್ಬ ಮಧುಮೇಹಿ